ಬಿಟ್ಟುಹೋದ ಗಂಡ ಮನೆ ಮಾರಲು ಹೊರಟರೆ ತಡೆಯಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ಗಂಡ ನಮ್ಮನ್ನು ಬಿಟ್ಟುಹೋಗಿ ಒಂದೂವರೆ ವರ್ಷವಾಯಿತು, ಖರ್ಚಿಗೆ ಹಣ ಕೊಡುವುದಿಲ್ಲ. ನಾನು, ಇಬ್ಬರು ಮಕ್ಕಳು ಅವರ ಹೆಸರಿನ ಮನೆಯಲ್ಲೇ ಇದ್ದೇವೆ. ಈಗ ಅದನ್ನು ಮಾರಲು ಓಡಾಡುತ್ತಿದ್ದಾರಂತೆ. ಮೈದುನ ಬಂದು ಛಾಪಾ ಕಾಗದಕ್ಕೆ ಸಹಿ ಹಾಕು ಎನ್ನುತ್ತಿದ್ದಾನೆ. ತವರಿಗೆ ಹೋಗಿಬಿಡಲೇ?

ವಕೀಲರ ಉತ್ತರ: ದಯವಿಟ್ಟು ಮನೆ ಬಿಡಬೇಡಿ. ಸಹಿಯನ್ನೂ ಹಾಕಬೇಡಿ, ಅದು ಹಕ್ಕು ಬಿಡುಗಡೆ ಪತ್ರವಾಗಿರಬಹುದು.

ಮದುವೆಯಾದ ಮಾತ್ರಕ್ಕೆ ಗಂಡನ ಸ್ವಂತ ಮನೆಗೆ ನೀವು ಒಡತಿಯಾಗುವುದಿಲ್ಲ, ನಿಜ. ಆದರೆ ಅಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯ 17ನೇ ಕಲಂ ನಿಮಗೆ ಕೊಟ್ಟಿದೆ. ಹೊಡೆದರೆ ಮಾತ್ರ ದೌರ್ಜನ್ಯ ಎಂದು ತಿಳಿದು ಎಷ್ಟೋ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆ, ಅದು ನನಗೆ ಬಹಳ ನೋವಿನ ಸಂಗತಿ. ಸಂಸಾರದ ಖರ್ಚಿಗೆ ಹಣ ಕೊಡದಿರುವುದೂ ಆರ್ಥಿಕ ದೌರ್ಜನ್ಯವೇ.

12ನೇ ಕಲಂ ಅಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಮನೆಯನ್ನು ಮಾರದಂತೆ, ಅಡವಿಡದಂತೆ 19ನೇ ಕಲಂ ಅಡಿ ತಡೆ ಕೇಳಿ. ತುರ್ತು ಇದ್ದರೆ ಗಂಡ ಹಾಜರಾಗುವ ಮೊದಲೇ ಮಧ್ಯಂತರ ಆದೇಶ ನೀಡುವ ಅಧಿಕಾರ ನ್ಯಾಯಾಲಯಕ್ಕಿದೆ. ಆದೇಶ ಸಿಕ್ಕಿದ ದಿನವೇ ಅದರ ದೃಢೀಕೃತ ಪ್ರತಿಯನ್ನು ಉಪನೋಂದಣಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಋಣಭಾರ ಪ್ರಮಾಣಪತ್ರವನ್ನು ಈಗಲೇ ತೆಗೆಸಿ, ಗುಟ್ಟಾಗಿ ಏನಾದರೂ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ಮಾರಾಟವಾದ ಮೇಲೆ ಓಡಾಡುವುದಕ್ಕಿಂತ ಈ ವಾರವೇ ಹೋಗುವುದು ಲೇಸು.

ಪ್ರಶ್ನೆ: ವಕೀಲರಿಗೆ ಕೊಡಲು ದುಡ್ಡಿಲ್ಲ. ತವರಿನ ಒಡವೆಯೂ ಅವರ ಲಾಕರಿನಲ್ಲಿದೆ, ರಸೀದಿ ಒಂದೂ ಇಲ್ಲ.

ಉತ್ತರ: ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ನೇಮಿಸಿಕೊಡಬೇಕು. 15100ಕ್ಕೆ ಕರೆಯನ್ನೂ ಮಾಡಬಹುದು. ಒಡವೆ ನಿಮ್ಮ ಸ್ತ್ರೀಧನ, ಗಂಡನ ವಶದಲ್ಲಿದ್ದ ಮಾತ್ರಕ್ಕೆ ಅವರದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಮದುವೆಯ ಫೋಟೊ, ಒಡವೆ ಕೊಟ್ಟವರ ಸಾಕ್ಷ್ಯ ಇವೆಲ್ಲ ನೆರವಾಗುತ್ತವೆ. ಲಾಕರ್ ತೆರೆಯದಂತೆ ತಡೆ, ಒಡವೆ ವಾಪಸಾತಿ ಎರಡನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ನಿಮಗೂ ಮಕ್ಕಳಿಗೂ ಜೀವನಾಂಶ ಕೇಳುವುದನ್ನು ಮರೆಯಬೇಡಿ.

ಇನ್ನೊಬ್ಬರ ಪ್ರಶ್ನೆ: ನಾವಿರುವ ಮನೆ ಅತ್ತೆಯ ಹೆಸರಿನಲ್ಲಿದೆ. ನನಗೂ ಇದು ಅನ್ವಯಿಸುತ್ತದೆಯೇ?

ಉತ್ತರ: ನೀವು ಅಲ್ಲಿ ನೆಲೆಯಾಗಿ ಸಂಸಾರ ಮಾಡಿದ್ದರೆ ವಾಸದ ಹಕ್ಕು ಕೇಳಬಹುದು. ಗಂಡನಿಗೆ ಆ ಮನೆಯಲ್ಲಿ ಪಾಲು ಇರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಆದರೆ ವಯಸ್ಸಾದ ಅತ್ತೆಯ ಹಿತವನ್ನೂ ನ್ಯಾಯಾಲಯ ತೂಗಿ ನೋಡುತ್ತದೆ. ಆ ಮನೆಯ ಬದಲು ಬೇರೆ ವಸತಿ ಕೊಡಿಸುವ ಆದೇಶವೂ ಬರಬಹುದು.