ಥೈರಾಯ್ಡ್ ಕ್ಯಾನ್ಸರ್ ಮತ್ತೆ ಬರೋದಕ್ಕೆ ಸ್ಟೆಮ್ ಸೆಲ್ ಕಾರಣವಾ?

ಹಾಸನದ_ತಮ್ಮ
ಅಕ್ಕನಿಗೆ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ಗ್ರಂಥಿ ಪೂರ್ತಿ ತೆಗೆದಿದ್ದಾರೆ, ರೇಡಿಯೋ ಅಯೋಡಿನ್ (ಉಳಿದ ಥೈರಾಯ್ಡ್ ಕೋಶಗಳನ್ನು ಕೊಲ್ಲೋ ವಿಕಿರಣದ ಅಯೋಡಿನ್) ಕೂಡ ಆಯಿತು. ಈಗ ಆರಾಮಾಗಿದ್ದಾಳೆ. ಆದರೆ ಗಡ್ಡೆಯೊಳಗೆ ಸ್ಟೆಮ್ ಸೆಲ್ (ತಾನೂ ಉಳಿದು ಬೇರೆ ಕೋಶಗಳನ್ನೂ ಹುಟ್ಟಿಸೋ ಮೂಲ ಕೋಶ) ತರಹದ ಕೋಶಗಳು ಇರುತ್ತವೆ, ಅವು ಯಾವ ಔಷಧಿಗೂ ಸಾಯಲ್ಲ, ಮತ್ತೆ ಕ್ಯಾನ್ಸರ್ ಹುಟ್ಟೋದೇ ಅವುಗಳಿಂದ ಅಂತ ಎಲ್ಲೋ ಓದಿದಾಗಿನಿಂದ ಅವಳಿಗೆ ನಿದ್ದೆ ಇಲ್ಲ. ಇದು ನಿಜಾನಾ? ಟೆಸ್ಟ್ ಏನಾದರೂ ಇದೆಯಾ?

ಲ್ಯಾಬ್_ಹುಡುಗಿ
ಪೂರ್ತಿ ಸುಳ್ಳಲ್ಲ. ಇಂಥ ಕೋಶ ಹುಡುಕೋಕೆ ನಾವು ಲ್ಯಾಬಿನಲ್ಲಿ ಗಡ್ಡೆಯ ಕೋಶಗಳನ್ನು ಬಿಡಿಬಿಡಿ ಮಾಡಿ, ತಳಕ್ಕೆ ಅಂಟದಂಥ ಪ್ಲೇಟಿಗೆ ಹಾಕಿ, ಸೀರಮ್ ಇಲ್ಲದ ದ್ರವದಲ್ಲಿ ಬೆಳೆಸುತ್ತೇವೆ. ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ತೇಲುತ್ತಲೇ ಒಂದು ಎರಡಾಗಿ, ಎರಡು ನಾಲ್ಕಾಗಿ ಉಂಡೆ ಕಟ್ಟುತ್ತವೆ, ಮೈಕ್ರೋಸ್ಕೋಪಿನಲ್ಲಿ ಥೇಟ್ ಬೆಂದ ಸಾಬುದಾನೆ ತರಹ. 2010ರಲ್ಲಿ ಇಟಲಿಯ ತಂಡವೊಂದು ಎಎಲ್‌ಡಿಎಚ್ ಅನ್ನೋ ಕಿಣ್ವ ಜಾಸ್ತಿ ಇರುವ ಇಂಥ ಕೋಶಗಳನ್ನು ಇಲಿಯ ಥೈರಾಯ್ಡಿಗೆ ಹಾಕಿದಾಗ ಅಲ್ಲಿ ಗಡ್ಡೆ ಬೆಳೆಯಿತು.
ಆದರೆ ಎಎಲ್‌ಡಿಎಚ್ ಆಗಲಿ ಸಿಡಿ133 ಅನ್ನೋ ಪ್ರೋಟೀನ್ ಆಗಲಿ, ಈ ಗುರುತು ಇದ್ದದ್ದೆಲ್ಲ ಸ್ಟೆಮ್ ಕೋಶ ಅಂತ ಹೇಳೋಕಾಗಲ್ಲ. ಮಾಮೂಲಿ ಕ್ಯಾನ್ಸರ್ ಕೋಶವೂ ಸುತ್ತಲಿನ ಸ್ಥಿತಿಗೆ ತಕ್ಕಂತೆ ಆ ಗುಣ ಪಡೆಯಬಹುದು, ಬಿಡಲೂಬಹುದು. ಅದಕ್ಕೇ ಥೈರಾಯ್ಡ್ ರೋಗಿಗಳಿಗೆ ಇದಕ್ಕೆಂದು ಮಾಮೂಲಿ ಟೆಸ್ಟ್ ಇಲ್ಲ. ಯಾರಾದರೂ ಮಾಡಿಕೊಡ್ತೀವಿ ಅಂದರೆ ದಯವಿಟ್ಟು ದುಡ್ಡು ಸುರಿಯಬೇಡಿ.

ಹಾಸನದ_ತಮ್ಮ
ಥ್ಯಾಂಕ್ಸ್ ಮೇಡಂ. ಹಾಗಾದ್ರೆ ಕೆಲವರಿಗೆ ಅಯೋಡಿನ್ ಯಾಕೆ ಕೆಲಸ ಮಾಡಲ್ಲ?

ಲ್ಯಾಬ್_ಹುಡುಗಿ
ಥೈರಾಯ್ಡ್ ಕೋಶದ ಪೊರೆಯಲ್ಲಿ ಅಯೋಡಿನ್ ಒಳಗೆಳೆಯುವ ಎನ್‌ಐಎಸ್ ಅನ್ನೋ ಪಂಪ್ ಇರುತ್ತದೆ. ಕ್ಯಾನ್ಸರ್ ಕೋಶ ತನ್ನ ಮೂಲ ಗುಣ ಕಳೆದುಕೊಂಡಷ್ಟೂ ಈ ಪಂಪ್ ಕಮ್ಮಿಯಾಗುತ್ತದೆ, ಬಿಆರ್‌ಎಎಫ್ ಜೀನಿನ ವಿ600ಇ ಬದಲಾವಣೆ ಇದ್ದರೆ ಇನ್ನೂ ಕಮ್ಮಿ. ಪಂಪ್ ಇಲ್ಲದಿದ್ದರೆ ಮದ್ದು ಒಳಗೇ ಹೋಗಲ್ಲ ಅಲ್ವಾ? 2013ರಲ್ಲಿ ಕೋಶ ಬೆಳೆಸೋ ಸಂಕೇತ ತಡೆಯೋ ಸೆಲುಮೆಟಿನಿಬ್ ಅನ್ನೋ ಔಷಧಿ ಕೊಟ್ಟಾಗ ಕೆಲವು ರೋಗಿಗಳ ಗಡ್ಡೆ ಮತ್ತೆ ಅಯೋಡಿನ್ ಹಿಡಿಯಿತು. ಈ ಕ್ಷೇತ್ರದಲ್ಲಿ ನನಗೆ ತುಂಬಾ ಭರವಸೆ ಕೊಟ್ಟ ಕೆಲಸ ಅದು.
ಇನ್ನೊಂದು ಮಾತು. ಸ್ಟೆಮ್ ಸೆಲ್ ಬಗ್ಗೆ ಹೆದರಿಸೋ ಬರಹಗಳಲ್ಲಿ ಹೆಚ್ಚಾಗಿ ಬರೋದು ಅನಾಪ್ಲಾಸ್ಟಿಕ್ ಕ್ಯಾನ್ಸರ್. ಅದು ಅಪರೂಪ, ತುಂಬಾ ಕ್ರೂರ. ನಿಮ್ಮಕ್ಕನದು ಅದಲ್ಲ.

ಮೈಸೂರು_ಅಮ್ಮ
ನನಗೂ ಪ್ಯಾಪಿಲರಿಯೇ ಆಗಿತ್ತಪ್ಪ. ಅಕ್ಕನಿಗೆ ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಕೋಶಗಳು ಮಾಡೋ ಪ್ರೋಟೀನ್) ರಕ್ತಪರೀಕ್ಷೆ, ಕತ್ತಿನ ಅಲ್ಟ್ರಾಸೌಂಡ್ ಡಾಕ್ಟರ್ ಹೇಳಿದ ಹೊತ್ತಿಗೆ ತಪ್ಪದೆ ಮಾಡಿಸಿ. ಥೈರೋಗ್ಲೋಬ್ಯುಲಿನ್ ಜೊತೆ ಅದರ ಆಂಟಿಬಾಡಿಯನ್ನೂ ನೋಡಬೇಕು, ಅದು ಇದ್ದರೆ ಮೊದಲನೆಯದು ಸುಳ್ಳೇ ಕಮ್ಮಿ ತೋರಿಸಬಹುದು. ರಿಪೋರ್ಟಿನಲ್ಲಿ ಎರಡೂ ಇದೆಯಾ ಅಂತ ಒಮ್ಮೆ ನೋಡಿ.