ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡಿಂಗ್: ಹದಿನೈದು ಸಾವಿರದಲ್ಲಿ ಏನೇನು ತಗೋಬೇಕು?

ಪ್ರಶ್ನೆ (ಮಂಡ್ಯ): ಸರ್, ನನ್ನ ಹತ್ರ ಸ್ಟ್ರಾಟ್ ಮಾದರಿ ಗಿಟಾರ್ ಇದೆ, ಮೂರೂ ಸಿಂಗಲ್ ಕಾಯಿಲ್ ಪಿಕಪ್. ವಿಂಡೋಸ್ ಲ್ಯಾಪ್‌ಟಾಪ್, ಐ5, 8 ಜಿಬಿ ರ‍್ಯಾಮ್. ಕೇಬಲ್‌ಗೆ ಸಣ್ಣ ಪಿನ್ನಿನ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪಿನ ಮೈಕ್ ಜ್ಯಾಕ್‌ಗೆ ಚುಚ್ಚಿದ್ರೆ ಸೌಂಡ್ ಬರುತ್ತೆ, ಆದ್ರೆ ಕಂಬಳಿ ಹೊದಿಸಿದ ಹಾಗೆ ಮಂಕು. ನುಡಿಸಿ ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತೆ. ಒಟ್ಟು ಹದಿನೈದು ಸಾವಿರದಲ್ಲಿ ಏನೇನು ತಗೋಬೇಕು? ಆಂಪ್ ಬೇಕೇ ಬೇಕಾ?

ಉತ್ತರ (ಸೌಂಡ್ ಎಂಜಿನಿಯರ್, ಮೈಸೂರು): ಆಂಪ್ ಬೇಡ. ಈ ಬಜೆಟ್‌ನಲ್ಲಿ ದುಡ್ಡು ಹೋಗಬೇಕಾದ್ದು ಮುಖ್ಯವಾಗಿ ಒಂದೇ ಕಡೆಗೆ, ಆಡಿಯೋ ಇಂಟರ್‌ಫೇಸ್‌ಗೆ (ಗಿಟಾರಿಗೂ ಕಂಪ್ಯೂಟರಿಗೂ ನಡುವೆ ಕೂರೋ ಯುಎಸ್‌ಬಿ ಪೆಟ್ಟಿಗೆ). ಗಿಟಾರಿನ ಸಿಗ್ನಲ್ ಕಂಪ್ಯೂಟರಿನೊಳಗೆ ಸರಿಯಾಗಿ ಹೋಯ್ತು ಅಂದ್ರೆ ಮಿಕ್ಕಿದ್ದೆಲ್ಲ ಬಿಟ್ಟಿ ಸಾಫ್ಟ್‌ವೇರ್‌ನಲ್ಲೇ ಆಗುತ್ತೆ. ಒಳಗೆ ಹೋಗುವಾಗಲೇ ಕೆಟ್ಟರೆ ಆಮೇಲೆ ಎಷ್ಟು ಪ್ಲಗಿನ್ (ಸೌಂಡ್ ಬದಲಿಸೋ ಸಾಫ್ಟ್‌ವೇರ್ ತುಣುಕು) ಹಾಕಿದ್ರೂ ಆ ಟೋನ್ ವಾಪಸ್ ಬರಲ್ಲ.

ಮಂಕಾಗೋಕೆ ಕಾರಣ ಇಂಪೆಡೆನ್ಸ್, ಅಂದ್ರೆ ಸಿಗ್ನಲಿಗೆ ಎದುರಾಗೋ ತಡೆ. ಪಿಕಪ್ ಅಂದ್ರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಅದಕ್ಕೆ ಎದುರುಗಡೆ ಸುಮಾರು 1 ಮೆಗಾಓಮ್ ಇನ್‌ಪುಟ್ ಸಿಗಬೇಕು. ಲ್ಯಾಪ್‌ಟಾಪಿನ ಮೈಕ್ ಇನ್‌ಪುಟ್ ಬರೀ ಕೆಲವು ಕಿಲೋಓಮ್. ಅಷ್ಟು ಕಡಿಮೆ ಆದಾಗ ಪಿಕಪ್ ಮೇಲೆ ಲೋಡ್ ಬಿದ್ದು ವಾಲ್ಯೂಮ್ ಕುಸಿಯುತ್ತೆ, ಮೊದಲು ಹೋಗೋದೇ ಟ್ರೆಬಲ್. ಜೊತೆಗೆ ಹೆಡ್‌ಸೆಟ್ ಮೈಕಿಗೆ ಅಂತ ಆ ಜ್ಯಾಕ್‌ನಲ್ಲಿ ಒಂದಿಷ್ಟು ಡಿಸಿ ವೋಲ್ಟೇಜೂ ಇರುತ್ತೆ, ಅದು ಗಿಟಾರಿಗೆ ಬೇಡದ್ದು. ಹಾಗಾಗಿ ಇಂಟರ್‌ಫೇಸ್ ನೋಡುವಾಗ "ಇನ್ಸ್ಟ್ರುಮೆಂಟ್" ಅಥವಾ "ಹೈ-ಝೀ" ಇನ್‌ಪುಟ್ ಇದೆಯಾ ಅಂತ ಮೊದಲು ನೋಡಿ. ಎರಡನೇದು, ಕಂಪನಿಯದ್ದೇ ಆಸಿಯೋ ಡ್ರೈವರ್ (ವಿಂಡೋಸ್‌ನಲ್ಲಿ ಸೌಂಡನ್ನು ಹೆಚ್ಚು ತಡವಿಲ್ಲದೆ ಸಾಗಿಸೋ ಸಾಫ್ಟ್‌ವೇರ್) ಇದೆಯಾ ಅಂತ. ತಡವಾಗಿ ಕೇಳೋ ಸಮಸ್ಯೆಗೆ ಮದ್ದು ಅದೇ.

ಬೆಹ್ರಿಂಜರ್ ಯುಎಂ2 ನಾಲ್ಕೈದು ಸಾವಿರದ ಆಸುಪಾಸಿಗೆ ಸಿಗುತ್ತೆ. 16 ಬಿಟ್, 48 ಕಿಲೋಹರ್ಟ್ಸ್. ಬಿಟ್ ಬಗ್ಗೆ ನಾನು ಅಷ್ಟು ತಲೆ ಕೆಡಿಸ್ಕೊಳ್ಳಲ್ಲ, ಸಿಂಗಲ್ ಕಾಯಿಲಿನ ಸ್ವಂತ ಗದ್ದಲವೇ ಅದಕ್ಕಿಂತ ಜಾಸ್ತಿ ಇರುತ್ತೆ. ಅದರ ನಿಜವಾದ ಕೊರತೆ ಡ್ರೈವರ್. ಸ್ವಂತದ್ದಿಲ್ಲ, ಆಸಿಯೋಫೋರ್‌ಆಲ್ ಅನ್ನೋ ಬಿಟ್ಟಿ ಡ್ರೈವರ್ ಹಾಕ್ಕೋಬೇಕು. ಕೆಲವು ಲ್ಯಾಪ್‌ಟಾಪಲ್ಲಿ ಅದು ಚೆನ್ನಾಗೇ ನಡೆಯುತ್ತೆ, ಕೆಲವದರಲ್ಲಿ ಸೌಂಡ್ ಪಟಪಟ ಅಂತ ಒಡೆಯುತ್ತೆ. ಅದೇ ಕಂಪನಿಯ ಯುಎಂಸಿ202ಎಚ್‌ಡಿ ಎಂಟರಿಂದ ಹತ್ತು ಸಾವಿರದ ಸುತ್ತ. 24 ಬಿಟ್, ಸ್ವಂತ ಡ್ರೈವರ್, ಎರಡು ಇನ್‌ಪುಟ್, ಎರಡಕ್ಕೂ ಲೈನ್/ಇನ್ಸ್ಟ್ರುಮೆಂಟ್ ಸ್ವಿಚ್ ಮತ್ತು ಪ್ಯಾಡ್ (ಜೋರು ಸಿಗ್ನಲ್ ತಗ್ಗಿಸೋ ಬಟನ್). ನಿಮ್ಮ ಬಜೆಟ್‌ಗೆ ನನ್ನ ಆಯ್ಕೆ ಇದೇ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಇನ್ನೂ ಸ್ವಲ್ಪ ಮೇಲೆ, ಡ್ರೈವರ್ ತುಂಬಾ ಗಟ್ಟಿ. ಆದ್ರೆ ಅದು ತಗೊಂಡ್ರೆ ಹೆಡ್‌ಫೋನಿಗೆ ದುಡ್ಡು ಉಳಿಯಲ್ಲ. ರೇಟು ಏರಿಳಿಯುತ್ತಿರುತ್ತೆ, ಕೊಳ್ಳೋ ದಿನ ಎರಡು ಕಡೆ ಕೇಳಿ ನೋಡಿ. ಕೆಲವು ನೂರು ರೂಪಾಯಿಗೆ ಸಿಗೋ "ಗಿಟಾರ್ ಯುಎಸ್‌ಬಿ ಕೇಬಲ್" ಮಾತ್ರ ಬೇಡವೇ ಬೇಡ.

ಉಳಿದ ದುಡ್ಡಿಗೆ ಮೂರು ಮೀಟರಿನ ಒಂದು ಒಳ್ಳೇ ಕೇಬಲ್. ಪ್ಲಗ್ ಬಿಚ್ಚಿ ಮತ್ತೆ ಸೋಲ್ಡರ್ ಮಾಡೋಕೆ ಬರೋ ಥರದ್ದು ತಗೊಳ್ಳಿ, ಅಚ್ಚು ಹಾಕಿ ಮುಚ್ಚಿದ ಪ್ಲಗ್ ಒಳಗೆ ತುಂಡಾದ್ರೆ ಎಸೀಬೇಕಷ್ಟೇ. ಉದ್ದ ಜಾಸ್ತಿ ಮಾಡಬೇಡಿ: ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸೇರ್ತಾ ಹೋಗುತ್ತೆ, ಹತ್ತು ಮೀಟರಿಗೆ ಬರೋ ಹೊತ್ತಿಗೆ ಟ್ರೆಬಲ್ ಇಳಿದಿದ್ದು ಕಿವಿಗೇ ಗೊತ್ತಾಗುತ್ತೆ. ಆಮೇಲೆ ಒಂದು ಮುಚ್ಚಿದ ಮಾದರಿಯ, ವೈರ್ ಇರೋ ಹೆಡ್‌ಫೋನ್. ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ರೆಕಾರ್ಡ್ ಮಾಡೋಕಾಗಲ್ಲ, ಅದರದ್ದೇ ನೂರಾರು ಮಿಲಿಸೆಕೆಂಡ್ ತಡ ಇರುತ್ತೆ.

ಪ್ರಶ್ನೆ (ಅದೇ ಸದಸ್ಯರು): ಸರ್, ಯುಎಂಸಿ202ಎಚ್‌ಡಿ ತಗೊಂಡೆ. ಸೆಟಪ್ ಹೇಗೆ ಮಾಡ್ಲಿ? ಈಗಲೂ ಎರಡೆರಡು ಸಲ ಕೇಳ್ತಿದೆ, ಅದೂ ಎಡಗಿವಿಗೆ ಮಾತ್ರ ಜೋರಾಗಿ.

ಉತ್ತರ (ಸೌಂಡ್ ಎಂಜಿನಿಯರ್): ಎರಡು ಸಲ ಕೇಳೋದು ಡೈರೆಕ್ಟ್ ಮಾನಿಟರ್ ಬಟನ್ ಆನ್ ಇರೋದ್ರಿಂದ. ಅದು ಗಿಟಾರಿನ ಬರೀ ಸೌಂಡನ್ನು ನೇರ ಹೆಡ್‌ಫೋನಿಗೆ ಕಳಿಸುತ್ತೆ, ಹಿಂದೆಯೇ ಸಾಫ್ಟ್‌ವೇರ್‌ನಿಂದ ಆಂಪ್ ಸೌಂಡ್ ಬರುತ್ತೆ. ಆಂಪ್ ಪ್ಲಗಿನ್ ಮೂಲಕ ಕೇಳುವಾಗ ಆ ಬಟನ್ ಆಫ್. ಎಡಗಿವಿಗೆ ಮಾತ್ರ ಬರ್ತಿದ್ರೆ ಟ್ರ್ಯಾಕಿನ ಇನ್‌ಪುಟ್ ಸ್ಟೀರಿಯೋ ಅಂತ ಇಟ್ಟಿದ್ದೀರಿ, ಮೋನೋ ಇನ್‌ಪುಟ್ 1 ಅಂತ ಬದಲಾಯಿಸಿ.

ಇನ್ನು ಸೆಟಪ್. ಇಂಟರ್‌ಫೇಸ್ ಚುಚ್ಚೋಕೆ ಮೊದಲು ಕಂಪನಿ ಸೈಟಿಂದ ಡ್ರೈವರ್ ಹಾಕ್ಕೊಳ್ಳಿ. ಹಬ್ ಮಧ್ಯೆ ಬೇಡ, ಲ್ಯಾಪ್‌ಟಾಪಿನ ಪೋರ್ಟಿಗೇ ನೇರ. ರೆಕಾರ್ಡಿಂಗಿಗೆ ರೀಪರ್ ಅನ್ನೋ ಸಾಫ್ಟ್‌ವೇರ್ ಸಾಕು. 60 ದಿನ ಪೂರ್ತಿ ಕೆಲಸ ಮಾಡೋ ಟ್ರಯಲ್ ಇದೆ, ಆಮೇಲೆ ಮನೆ ಬಳಕೆಯ ಲೈಸೆನ್ಸ್ 60 ಡಾಲರ್. ಅದರ ಆಡಿಯೋ ಸೆಟ್ಟಿಂಗಲ್ಲಿ ಡಿವೈಸ್ ಅನ್ನೋ ಕಡೆ ಆಸಿಯೋ ಆರಿಸಿ ಬೆಹ್ರಿಂಜರ್ ಡ್ರೈವರ್ ಹಾಕಿ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇಡಿ, ವಿಡಿಯೋಗೆ ಹೊಂದುತ್ತೆ.

ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತುಂಬಿಕೊಳ್ಳೋ ಸ್ಯಾಂಪಲ್‌ಗಳ ಕಂತೆ) ವಿಚಾರ ಲೆಕ್ಕ ಸಮೇತ ತಿಳ್ಕೊಂಡ್ರೆ ಗೊಂದಲ ಇರಲ್ಲ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದ್ರೆ ಸುಮಾರು 2.7 ಮಿಲಿಸೆಕೆಂಡ್. ಒಳಗೆ ಬರೋಕೆ ಒಂದು ಸಲ, ಹೊರಗೆ ಹೋಗೋಕೆ ಒಂದು ಸಲ, ಮೇಲೆ ಕನ್ವರ್ಟರ್ ಮತ್ತು ಯುಎಸ್‌ಬಿಯದ್ದು ಸ್ವಲ್ಪ. ಎಲ್ಲ ಸೇರಿ ಹತ್ತರ ಆಸುಪಾಸಿಗೆ ನಿಲ್ಲುತ್ತೆ. ಗಾಳಿಯಲ್ಲಿ ಶಬ್ದ 10 ಮಿಲಿಸೆಕೆಂಡಿಗೆ ಮೂರೂವರೆ ಮೀಟರ್ ಹೋಗುತ್ತೆ. ಅಂದ್ರೆ ಆಂಪ್‌ನಿಂದ ಅಷ್ಟು ದೂರ ನಿಂತು ನುಡಿಸಿದ ಹಾಗೆ, ಕೈಗೆ ತೊಂದರೆ ಗೊತ್ತಾಗಲ್ಲ. ಅದೇ 512 ಇಟ್ರೆ ಬರೋದಕ್ಕೂ ಹೋಗೋದಕ್ಕೂ ಸೇರಿ 21 ದಾಟುತ್ತೆ, ತಾಳ ಜಾರೋಕೆ ಶುರುವಾಗುತ್ತೆ. ಹಾಗಾಗಿ ನುಡಿಸುವಾಗ 128, ಪಟಪಟ ಒಡೆದ್ರೆ 256, ಮಿಕ್ಸ್ ಮಾಡುವಾಗ 512 ಅಥವಾ 1024. 128ರಲ್ಲಿ ಒಡೀತಿದ್ರೆ ಮೊದಲು ವಿಂಡೋಸ್ ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ವೈಫೈ ಆಫ್ ಮಾಡಿ, ಬ್ರೌಸರ್ ಮುಚ್ಚಿ. ಬಹಳ ಸಲ ಅಪರಾಧಿ ವೈಫೈ ಡ್ರೈವರೇ ಆಗಿರುತ್ತೆ.

ಗೇನ್ (ಒಳಬರೋ ಸಿಗ್ನಲನ್ನು ಎಷ್ಟು ಹೆಚ್ಚಿಸಬೇಕು ಅನ್ನೋದು) ಇಡೋದು ಹೀಗೆ: ಗಿಟಾರ್ ವಾಲ್ಯೂಮ್ ಪೂರ್ತಿ, ಸ್ವಿಚ್ ಇನ್ಸ್ಟ್ರುಮೆಂಟ್‌ನಲ್ಲಿ, ಆರೂ ತಂತಿ ಮೇಲೆ ನಿಮ್ಮ ಕೈಲಾದಷ್ಟು ಜೋರಾಗಿ ಕಾರ್ಡ್ ಹೊಡೀರಿ. ಮೀಟರ್ ಮೈನಸ್ 12ರಿಂದ ಮೈನಸ್ 8 ಡೆಸಿಬಲ್ ನಡುವೆ ಮುಟ್ಟಬೇಕು, ಸೊನ್ನೆ ಹತ್ರ ಹೋಗಲೇಬಾರದು. 24 ಬಿಟ್ ಇರುವಾಗ ಕಮ್ಮಿ ರೆಕಾರ್ಡ್ ಆದ್ರೆ ನಷ್ಟವಿಲ್ಲ, ಕ್ಲಿಪ್ ಆದ್ರೆ (ಮಿತಿ ಮೀರಿ ಸೌಂಡ್ ಒಡೆದ್ರೆ) ಆ ಟೇಕ್ ಹೋಯ್ತು. ಹಂಬಕರ್ (ಎರಡು ಕಾಯಿಲ್ ಸೇರಿಸಿದ ಜೋರು ಪಿಕಪ್) ಇರೋರಿಗೆ ಗೇನ್ ಸೊನ್ನೆಯಲ್ಲೂ ಕ್ಲಿಪ್ ಆಗ್ತಿದ್ರೆ ಪ್ಯಾಡ್ ಒತ್ತಿ. ಆಗಲೂ ಆಗದಿದ್ರೆ ಪಿಕಪ್ಪಿನ ಎತ್ತರ ಸ್ವಲ್ಪ ಇಳಿಸಿ.

ಆಂಪ್ ಪ್ಲಗಿನ್ ಅನ್ನು ಟ್ರ್ಯಾಕಿನ ಮಾಮೂಲಿ ಎಫ್‌ಎಕ್ಸ್‌ನಲ್ಲಿ ಹಾಕಿ, ಇನ್‌ಪುಟ್ ಎಫ್‌ಎಕ್ಸ್‌ನಲ್ಲಿ ಅಲ್ಲ. ಆಗ ರೆಕಾರ್ಡ್ ಆಗೋದು ಗಿಟಾರಿನ ಶುದ್ಧ ಸಿಗ್ನಲ್, ನಾಳೆ ಟೋನ್ ಇಷ್ಟವಾಗದಿದ್ರೆ ಆಂಪ್ ಬದಲಾಯಿಸಬಹುದು. ಇದೊಂದು ಅಭ್ಯಾಸ ಮೊದಲ ದಿನದಿಂದಲೇ ಇಟ್ಕೊಳ್ಳಿ.

ಪ್ಲಗಿನ್‌ಗಳಲ್ಲಿ ನ್ಯೂರಲ್ ಆಂಪ್ ಮಾಡೆಲರ್ ಬಿಟ್ಟಿ, ನಿಜವಾದ ಆಂಪ್‌ಗಳಿಂದ ಜನ ಮಾಡಿದ ಕ್ಯಾಪ್ಚರ್‌ಗಳೂ (ಆಂಪಿನ ಟೋನ್ ನಕಲು ಮಾಡಿದ ಫೈಲ್) ಬಿಟ್ಟಿ ಸಿಗುತ್ತವೆ. ಎಲ್ಲರೂ ಎಡವೋ ಜಾಗ ಒಂದಿದೆ: ಕ್ಯಾಪ್ಚರ್ ಬರೀ ಆಂಪ್ ಹೆಡ್‌ದಾಗಿದ್ರೆ ಮುಂದೆ ಕ್ಯಾಬಿನೆಟ್ ಐಆರ್ ಫೈಲ್ (ಸ್ಪೀಕರ್ ಡಬ್ಬದ ಸೌಂಡ್ ನಕಲು ಮಾಡೋದು) ಹಾಕ್ಲೇಬೇಕು, ಇಲ್ಲಾಂದ್ರೆ ಜೇನುನೊಣ ಗುಂಯ್‌ಗುಟ್ಟಿದಂಥ ಕಿರಿಕಿರಿ ಸೌಂಡ್. ಕ್ಯಾಪ್ಚರ್‌ನಲ್ಲೇ ಕ್ಯಾಬಿನೆಟ್ ಸೇರಿದ್ರೆ ಐಆರ್ ಹಾಕಬಾರದು, ಎರಡು ಸಲ ಫಿಲ್ಟರ್ ಆಗಿ ಮತ್ತೆ ಮಂಕಾಗುತ್ತೆ.

ಪ್ರಶ್ನೆ (ಮೈಸೂರು, ಕುವೆಂಪುನಗರ): ನನ್ನದೂ ಸಿಂಗಲ್ ಕಾಯಿಲ್ ಗಿಟಾರ್, ಸ್ಕಾರ್ಲೆಟ್ ಸೋಲೋ. ಡಿಸ್ಟಾರ್ಶನ್ ಹಾಕಿದ ತಕ್ಷಣ ಝುಂಯ್ ಅಂತ ಬರುತ್ತೆ. ಅದರಲ್ಲೂ ಕರೆಂಟ್ ಹೋಗಿ ಯುಪಿಎಸ್ ಓಡುವಾಗ ಕೇಳೋಕೇ ಆಗಲ್ಲ. ಇಂಟರ್‌ಫೇಸ್ ಕೆಟ್ಟಿದೆಯಾ?

ಉತ್ತರ (ಗಿಟಾರ್ ಮತ್ತು ಆಂಪ್ ರಿಪೇರಿ, ಮೈಸೂರು): ಇಂಟರ್‌ಫೇಸ್ ಕೆಟ್ಟಿರೋ ಸಾಧ್ಯತೆ ಕಮ್ಮಿ. ಒಂದೊಂದಾಗಿ ಪರೀಕ್ಷೆ ಮಾಡಿ, ದುಡ್ಡು ಖರ್ಚು ಮಾಡೋ ಮುಂಚೆ.

ಗಿಟಾರ್ ವಾಲ್ಯೂಮ್ ಸೊನ್ನೆಗೆ ಇಳಿಸಿ. ಝೇಂಕಾರ ನಿಂತ್ರೆ ಅದು ಪಿಕಪ್ ಹಿಡೀತಿರೋದು. ನಿಲ್ಲದಿದ್ರೆ ಕೇಬಲ್ ಅಥವಾ ಕರೆಂಟಿನ ದಾರಿಯದ್ದು. ಎರಡನೇ ಸಂದರ್ಭದಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ತಕ್ಷಣ ತೆಪ್ಪಗಾದ್ರೆ ಚಾರ್ಜರ್ ಕಾರಣ, ಮುಖ್ಯವಾಗಿ ಎರಡು ಪಿನ್ನಿನದ್ದು, ಅಥವಾ ಮೂರು ಪಿನ್ ಇದ್ದೂ ಮನೆಯಲ್ಲಿ ಅರ್ಥಿಂಗ್ ಇಲ್ಲದ್ದು. ಹಳೇ ಮನೆಗಳಲ್ಲಿ ಸಾಕೆಟ್‌ಗೆ ಮೂರನೇ ತೂತು ಇರುತ್ತೆ, ಹಿಂದೆ ವೈರೇ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಫೇಸಿಗೂ ಅರ್ಥಿಗೂ ನಡುವೆ ಮೀಟರ್ ಹಿಡಿಸಿ: 230 ವೋಲ್ಟಿನ ಹತ್ತಿರ ಬರಬೇಕು. ವೈರ್ ಇದ್ದೂ ಬರದಿದ್ರೆ ಅರ್ಥ್ ಪಿಟ್ ಒಣಗಿರಬಹುದು. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಅದು ಮಾಮೂಲು, ಎರಡು ಕೊಡ ನೀರು ಹುಯ್ದು ಮತ್ತೆ ಅಳೆಸಿ. ಯಾರೋ ಹೇಳಿದ್ರು ಅಂತ ಅರ್ಥ್ ಪಿನ್ ಮುರಿಯೋದು, ಟೇಪ್ ಸುತ್ತೋದು ಮಾಡ್ಲೇಬೇಡಿ. ಗಿಟಾರಿನ ತಂತಿ ನೇರವಾಗಿ ಆ ಗ್ರೌಂಡಿಗೆ ಸೇರಿರುತ್ತೆ, ನಿಮ್ಮ ಕೈ ಅದರ ಮೇಲೇ ಇರುತ್ತೆ.

ಪಿಕಪ್ ಹಿಡೀತಿದೆ ಅಂತ ಗೊತ್ತಾದ್ರೆ ಕೂತಲ್ಲೇ ಗಿಟಾರ್ ಸಮೇತ ಕಾಲು ಸುತ್ತು ತಿರುಗಿ. ಒಂದು ದಿಕ್ಕಲ್ಲಿ ಗದ್ದಲ ತೀರ ಕಮ್ಮಿಯಾಗುತ್ತೆ, ಆ ದಿಕ್ಕಿಗೆ ಕೂತು ರೆಕಾರ್ಡ್ ಮಾಡಿ. ಲ್ಯಾಪ್‌ಟಾಪಿನಿಂದ ಒಂದು ಮೀಟರಾದ್ರೂ ಹಿಂದೆ ಸರೀರಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್, ಅಗ್ಗದ ಎಲ್‌ಇಡಿ ಬಲ್ಬು, ಇವನ್ನು ಒಂದೊಂದಾಗಿ ಆಫ್ ಮಾಡಿ ಕೇಳಿ. ಯುಪಿಎಸ್ ನಿಮ್ಮದು ಸ್ಕ್ವೇರ್ ವೇವ್ ಇರಬೇಕು. 50 ಹರ್ಟ್ಸ್‌ನ ಮೆತ್ತನೆ ಅಲೆಯ ಬದಲು ಚೌಕಾಕಾರದ್ದು ಬಂದಾಗ ಅದರ ಮೇಲಿನ ಹಾರ್ಮೋನಿಕ್ಸ್ ಎಲ್ಲ ಪಿಕಪ್ಪಿಗೆ ಕೇಳುತ್ತೆ. ಕರೆಂಟ್ ಹೋದಾಗ ಚಾರ್ಜರ್ ಕಿತ್ತು, ಫ್ಯಾನ್ ನಿಲ್ಲಿಸಿ, ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಸೋಲೋ ಯುಎಸ್‌ಬಿಯಿಂದಲೇ ಓಡುತ್ತೆ, ಬೇರೆ ಅಡಾಪ್ಟರ್ ಬೇಡ.

ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಗದ್ದಲ ಕಮ್ಮಿ ಆಗುತ್ತಾ ನೋಡಿ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾದ್ರೆ ಅಲ್ಲಿ ಹಂಬಕರ್ ಥರ ಹಮ್ ಅಳಿಸಿಹೋಗುತ್ತೆ. ಇಷ್ಟಾದ್ರೂ ಸಾಲದಿದ್ರೆ ಪಿಕ್‌ಗಾರ್ಡ್ ಬಿಚ್ಚಿ ಒಳಗಿನ ಗುಳಿಗೆ ತಾಮ್ರದ ಟೇಪ್ ಅಂಟಿಸಿ, ತುಂಡು ತುಂಡು ಸೇರೋ ಕಡೆ ಸೋಲ್ಡರ್ ಚುಕ್ಕೆ ಇಟ್ಟು, ಒಂದು ವೈರಿನಿಂದ ಪಾಟ್‌ನ (ವಾಲ್ಯೂಮ್ ನಾಬ್ ಕೆಳಗಿನ ಭಾಗ) ಬೆನ್ನಿಗೆ ಸೇರಿಸಬೇಕು. ಝುಂಯ್ ಅನ್ನೋ ಚೂಪು ಸದ್ದು ಇದರಿಂದ ಇಳಿಯುತ್ತೆ. ಆದ್ರೆ ತಳದ ಗುಂ ಅನ್ನೋ ಹಮ್ ಆಯಸ್ಕಾಂತೀಯ ಕ್ಷೇತ್ರದ್ದು, ತಾಮ್ರದ ಹಾಳೆ ಅದನ್ನು ತಡೆಯಲ್ಲ.

ಪ್ರಶ್ನೆ (ಮೈಸೂರು): ನಮಸ್ತೆ ಸರ್. ಎಲೆಕ್ಟ್ರಿಕ್ ಗಿಟಾರಲ್ಲಿ ಕರ್ನಾಟಕ ಸಂಗೀತ ನುಡಿಸ್ತೀನಿ. ಮನೆಯಲ್ಲಿ 10 ವಾಟಿನ ಸಣ್ಣ ಆಂಪ್ ಇದೆ. ಅದಕ್ಕೆ ಮೈಕ್ ಇಡ್ಲಾ, ನೇರ ಚುಚ್ಲಾ? ನೇರ ಚುಚ್ಚಿದ್ರೆ ಸ್ವರದ ಕೊನೆ ಕತ್ತರಿಸಿ ಹೋಗ್ತಿದೆ.

ಉತ್ತರ (ಸೌಂಡ್ ಎಂಜಿನಿಯರ್): ಮೇಡಂ, ಕತ್ತರಿಸ್ತಿರೋದು ನಾಯ್ಸ್ ಗೇಟ್. ಪ್ಲಗಿನ್‌ನಲ್ಲಿ ಅದು ಮೊದಲೇ ಆನ್ ಇರುತ್ತೆ. ಗಮಕದಲ್ಲಿ ಒಂದೇ ಮೀಟಿಗೆ ಎರಡು ಮೂರು ಸ್ವರ ಎಳೀತೀರಿ, ಕೊನೆಯ ಸ್ವರ ಬರೋ ಹೊತ್ತಿಗೆ ಸಿಗ್ನಲ್ ಇಳಿದಿರುತ್ತೆ, ಗೇಟ್ ಅದನ್ನೇ ಗದ್ದಲ ಅಂದ್ಕೊಂಡು ಮುಚ್ಚಿಬಿಡುತ್ತೆ. ಗೇಟ್ ಪೂರ್ತಿ ತೆಗೆದುಹಾಕಿ. ಬದಲಿಗೆ ಕಂಪ್ರೆಸರ್ (ಜೋರು-ಮೆಲು ಸದ್ದಿನ ಅಂತರ ಕಮ್ಮಿ ಮಾಡೋದು), ರೇಶಿಯೋ 3ಕ್ಕೆ 1, ಅಟ್ಯಾಕ್ 20ರಿಂದ 30 ಮಿಲಿಸೆಕೆಂಡ್ ಇಟ್ರೆ ಮೀಟು ಸ್ಪಷ್ಟವಾಗೇ ಉಳಿದು ಬಾಲ ಮೇಲೆ ಬರುತ್ತೆ. ನಾಲ್ಕು ಡೆಸಿಬಲ್‌ಗಿಂತ ಜಾಸ್ತಿ ಒತ್ತಬೇಡಿ. ಕುತ್ತಿಗೆ ಕಡೆಯ ಪಿಕಪ್, ಕ್ಲೀನ್ ಆಂಪ್, ರಿವರ್ಬ್ ತೀರ ಸ್ವಲ್ಪ.

ಮೈಕ್ ಬೇಡ ಅಂತಲೇ ನನ್ನ ಸಲಹೆ. ಸಣ್ಣ ಸ್ಪೀಕರಿನ ಪ್ರಾಕ್ಟೀಸ್ ಆಂಪ್ ಮೈಕಿಗೆ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತೆ, ಜೊತೆಗೆ ಬೀದಿಯ ಹಾರ್ನು, ಪಕ್ಕದ ಮನೆ ಕುಕ್ಕರ್ ಎಲ್ಲ ಸೇರುತ್ತೆ. ಮುಂದೆ ದೊಡ್ಡ ಆಂಪ್ ಸಿಕ್ಕಾಗ ಶೂರ್ ಎಸ್‌ಎಂ57 ಇಡಿ, 1965ರಿಂದ ಈ ಕೆಲಸಕ್ಕೆ ಇರೋ ಮೈಕ್ ಅದು, ಫ್ಯಾಂಟಮ್ ಪವರ್ (ಇಂಟರ್‌ಫೇಸ್ ಮೈಕಿಗೆ ಕೊಡೋ ಕರೆಂಟ್) ಬೇಡ. ಸ್ಪೀಕರಿನ ನಡುವಿನ ಉಬ್ಬು ಮುಚ್ಚಳದ ಅಂಚಿಗೆ ಎದುರಾಗಿ, ಬಟ್ಟೆಯಿಂದ ಎರಡು ಬೆರಳಷ್ಟು ದೂರ. ನಡುವಿಗೆ ತಂದ್ರೆ ಚೂಪು, ಹೊರಗೆ ಸರಿಸಿದ್ರೆ ಮೆತ್ತಗೆ. ಒಂದು ಎಚ್ಚರಿಕೆ: ಆಂಪಿನ ಸ್ಪೀಕರ್ ಔಟ್ ಅನ್ನು ಇಂಟರ್‌ಫೇಸಿಗೆ ಯಾವತ್ತೂ ಚುಚ್ಚಬೇಡಿ, ಇನ್‌ಪುಟ್ ಸುಟ್ಟುಹೋಗುತ್ತೆ. ಲೈನ್ ಔಟ್ ಅಥವಾ ಹೆಡ್‌ಫೋನ್ ಔಟ್ ಆದ್ರೆ ಸರಿ, ಇಂಟರ್‌ಫೇಸ್ ಸ್ವಿಚ್ ಆಗ ಲೈನ್‌ನಲ್ಲಿರಬೇಕು.

ಪ್ರಶ್ನೆ (ಶ್ರೀರಂಗಪಟ್ಟಣ): ಅಣ್ಣ, ಸೆಕೆಂಡ್ ಹ್ಯಾಂಡ್ ಇಂಟರ್‌ಫೇಸ್ ತಗೋಬಹುದಾ? ಏನೇನು ನೋಡ್ಬೇಕು?

ಉತ್ತರ (ಗಿಟಾರ್ ಮತ್ತು ಆಂಪ್ ರಿಪೇರಿ): ತಗೋಬಹುದಪ್ಪ, ಆದ್ರೆ ಕೈಗೆ ತಗೊಂಡು ನೋಡದೆ ದುಡ್ಡು ಕಳಿಸಬೇಡ. ನಿನ್ನ ಲ್ಯಾಪ್‌ಟಾಪ್, ಗಿಟಾರ್, ಹೆಡ್‌ಫೋನ್ ಜೊತೆಗೇ ಹೋಗು. ಯುಎಸ್‌ಬಿ ಜ್ಯಾಕ್ ಅಲ್ಲಾಡಿಸಿದ್ರೆ ಕನೆಕ್ಷನ್ ಬಿಟ್ಟು ಹೋಗಬಾರದು, ಹೆಚ್ಚು ಕೆಡೋದು ಅದೇ. ಗೇನ್ ನಾಬ್ ನಿಧಾನವಾಗಿ ತಿರುಗಿಸಿ ಕೇಳು, ಕರಕರ ಸ್ವಲ್ಪ ಇದ್ರೆ ಕಾಂಟ್ಯಾಕ್ಟ್ ಸ್ಪ್ರೇಗೆ ಹೋಗುತ್ತೆ, ಮಧ್ಯೆ ಸೌಂಡೇ ಹೋದ್ರೆ ಪಾಟ್ ಬದಲಾಯಿಸಬೇಕು. ಇನ್ಸ್ಟ್ರುಮೆಂಟ್ ಸ್ವಿಚ್ ಒತ್ತಿದಾಗ ಟೋನ್ ತೆರೆದುಕೊಳ್ಳಬೇಕು, ಬಿಟ್ಟಾಗ ಮಂಕಾಗಬೇಕು. ವ್ಯತ್ಯಾಸವೇ ಇಲ್ಲ ಅಂದ್ರೆ ಸ್ವಿಚ್ ಸತ್ತಿದೆ, ಗಿಟಾರಿಗೆ ಅದು ಉಪಯೋಗವಿಲ್ಲ. ಫ್ಯಾಂಟಮ್ ಆನ್ ಮಾಡಿ ಮೈಕ್ ಜ್ಯಾಕಿನ 1 ಮತ್ತು 2ನೇ ಪಿನ್ ನಡುವೆ ಮೀಟರ್ ಹಿಡಿ, 48 ವೋಲ್ಟಿನ ಆಸುಪಾಸು ಬರಬೇಕು. ಹೊರಡೋಕೆ ಮುಂಚೆಯೇ ಆ ಮಾಡೆಲಿಗೆ ನಿನ್ನ ವಿಂಡೋಸ್‌ಗೆ ಹೊಂದೋ ಡ್ರೈವರ್ ಕಂಪನಿ ಸೈಟಲ್ಲಿ ಈಗಲೂ ಇದೆಯಾ ನೋಡ್ಕೋ. ಅದಿಲ್ಲದಿದ್ರೆ ಎಷ್ಟೇ ಅಗ್ಗಕ್ಕೆ ಸಿಕ್ರೂ ಬಿಟ್ಟುಬಿಡು.