ರೆಸಲ್ಯೂಟ್‌ನಿಂದ ಗ್ರೀಸ್ ಫಿಯೋರ್ಡ್‌ಗೆ ವಿಮಾನದ ದೂರ ಎಷ್ಟು?

ನಕ್ಷೆಪ್ರಿಯ:
ಕೆನಡಾದ ನೂನವುಟ್‌ನಲ್ಲಿರುವ ಈ ಎರಡು ಇನುಯಿಟ್ ಊರುಗಳ ನಡುವಿನ ವಾಯುದೂರವನ್ನು ತಿಳಿಯಬೇಕಾಗಿದೆ. ರೆಸಲ್ಯೂಟ್ ಸುಮಾರು 74.7 ಡಿಗ್ರಿ ಉತ್ತರ, 94.8 ಡಿಗ್ರಿ ಪಶ್ಚಿಮದಲ್ಲಿದೆ. ಗ್ರೀಸ್ ಫಿಯೋರ್ಡ್ 76.4 ಉತ್ತರ, 82.9 ಪಶ್ಚಿಮದಲ್ಲಿದೆ. ಗೋಡೆಗೆ ತೂಗುಹಾಕುವ ಪ್ರಪಂಚದ ನಕ್ಷೆಯನ್ನು ನಂಬಿದರೆ ಅವುಗಳ ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚು ಅಂತರವಿರುವಂತೆ ಕಾಣುತ್ತದೆ. ನಿಜವಾದ ದೂರವೆಷ್ಟು, ಮತ್ತು ವಿಮಾನವು ಅದೇ ನೇರ ಗೆರೆಯಲ್ಲಿ ಹಾರುತ್ತದೆಯೇ?

ಅಕ್ಷಾಂಶ:
ದೂರ ಸುಮಾರು 380 ಕಿ.ಮೀ., ಅಂದರೆ 206 ನಾಟಿಕಲ್ ಮೈಲಿಯ ಆಸುಪಾಸು. ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ 108 ಕಿ.ಮೀ. ಆಗುತ್ತದೆ, ಆದರೆ ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡಿಕೊಳ್ಳುವುದರಿಂದ 75.5 ಡಿಗ್ರಿ ಉತ್ತರಕ್ಕೆ ಹೋಗುವಷ್ಟರಲ್ಲಿ ಅದು 28 ಕಿ.ಮೀ.ಗೆ ಕುಗ್ಗಿರುತ್ತದೆ. ಹಾಗಾಗಿ ಪೂರ್ವ-ಪಶ್ಚಿಮದ ಹನ್ನೆರಡು ಡಿಗ್ರಿಗೆ ಸುಮಾರು 330 ಕಿ.ಮೀ., ಉತ್ತರ-ದಕ್ಷಿಣಕ್ಕೆ ಸುಮಾರು 190 ಕಿ.ಮೀ.; ಉಳಿದದ್ದು ಪೈಥಾಗೊರಸನ ಲೆಕ್ಕ. ಮರ್ಕೇಟರ್ ನಕ್ಷೆ ಈ ಕುಗ್ಗುವಿಕೆಯನ್ನು ಮುಚ್ಚಿಟ್ಟು, ಅಲ್ಲಿನ ಎಲ್ಲ ಅಂತರಗಳನ್ನೂ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಶಾಲೆಯ ಗೋಡೆಗಳಿಂದ ಅದನ್ನು ಇಳಿಸುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಇನ್ನು ನೇರ ಗೆರೆಯ ವಿಷಯ. ಮಹಾವೃತ್ತದ ದಾರಿಯಲ್ಲಿ, ಅಂದರೆ ಭೂಗೋಳದ ಮೇಲಿನ ಅತಿ ಹತ್ತಿರದ ದಾರಿಯಲ್ಲಿ, ಹೊರಟಾಗ ದಿಕ್ಕು ನಿಜವಾದ ಉತ್ತರದಿಂದ ಸುಮಾರು 54 ಡಿಗ್ರಿ, ತಲುಪುವಾಗ 66 ಡಿಗ್ರಿ ಇರುತ್ತದೆ. ದಿಕ್ಕು ಬದಲಿಸದೆ ಹಾರಿದರೂ ದೂರ ಒಂದು ಕಿಲೋಮೀಟರಿನಷ್ಟೂ ಹೆಚ್ಚುವುದಿಲ್ಲ.

ದಿಕ್ಸೂಚಿ:
ಮೇಲಿನ ಉತ್ತರದಲ್ಲಿ ‘ನಿಜವಾದ ಉತ್ತರ’, ಅಂದರೆ ಭೌಗೋಳಿಕ ಉತ್ತರ, ಎಂಬ ಮಾತನ್ನು ಗಮನಿಸಿ. ಕಾಂತೀಯ ಧ್ರುವವು ಕಳೆದ ಶತಮಾನದ ಬಹುಪಾಲು ಕೆನಡಾದ ಈ ದ್ವೀಪಸಮೂಹದಲ್ಲೇ ಅಲೆದಾಡುತ್ತಿದ್ದುದರಿಂದ ಇಲ್ಲಿ ಕಾಂತೀಯ ದಿಕ್ಸೂಚಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದಲೇ ಕೆನಡಾದ ಉತ್ತರ ವಾಯುವಲಯದಲ್ಲಿ ರನ್‌ವೇಗಳ ದಿಕ್ಕನ್ನು ಸೂಚಿಸುವ ಸಂಖ್ಯೆಯನ್ನೂ ಭೌಗೋಳಿಕ ಉತ್ತರವನ್ನು ಆಧರಿಸಿಯೇ ಕೊಡುತ್ತಾರೆ. ದಾರಿ ವೆಲ್ಲಿಂಗ್ಟನ್ ಚಾನೆಲ್ ಎಂಬ ಜಲಸಂಧಿ, ಜನವಸತಿಯೇ ಇಲ್ಲದ ಡೆವನ್ ದ್ವೀಪ, ಜೋನ್ಸ್ ಸೌಂಡ್ ಎಂಬ ಕಡಲ ಭಾಗ ಇವುಗಳ ಮೇಲೆ ಸಾಗುತ್ತದೆ. ಗ್ರೀಸ್ ಫಿಯೋರ್ಡ್‌ನ ರನ್‌ವೇ ಬೆಟ್ಟಗಳ ಬುಡದಲ್ಲಿರುವ ಜಲ್ಲಿಕಲ್ಲಿನ ಗಿಡ್ಡ ಪಟ್ಟಿಯಾದ್ದರಿಂದ ಅಲ್ಲಿಗೆ ಟ್ವಿನ್ ಆಟರ್‌ನಂಥ ಪುಟ್ಟ ವಿಮಾನವೇ ಬೇಕು. ಗಾಳಿ ಅನುಕೂಲವಾಗಿದ್ದರೆ ಹಾರಾಟಕ್ಕೆ ಒಂದೂವರೆ ಗಂಟೆ ಸಾಕು, ಮೋಡ ಕವಿದರೆ ಮಾತ್ರ ಎಷ್ಟು ದಿನ ಕಾಯಬೇಕೆಂದು ಹೇಳಲಾಗದು.

ನಕ್ಷೆಪ್ರಿಯ:
ಲೆಕ್ಕ ಸ್ಪಷ್ಟವಾಯಿತು, ಧನ್ಯವಾದಗಳು. ಇಷ್ಟು ಕಡಿಮೆ ಜನರಿರುವ ಎರಡು ಊರುಗಳ ನಡುವೆ ವಿಮಾನ ಸಂಪರ್ಕವೇ ಏಕೆ ಬೇಕಾಯಿತು?

ಧ್ರುವವಾಸಿ:
2021ರ ಜನಗಣತಿಯ ಪ್ರಕಾರ ಗ್ರೀಸ್ ಫಿಯೋರ್ಡ್‌ನಲ್ಲಿ 144 ಜನ, ರೆಸಲ್ಯೂಟ್‌ನಲ್ಲಿ 183 ಜನ ಇದ್ದರು. ಎರಡರ ನಡುವೆ ರಸ್ತೆಯಿಲ್ಲ, ಸರಕು ಹಡಗು ಬರುವುದು ಬೇಸಿಗೆಯಲ್ಲಿ ಮಾತ್ರ, ನೂನವುಟ್‌ನ ರಾಜಧಾನಿ ಇಕಾಲುಯಿಟ್ ಗ್ರೀಸ್ ಫಿಯೋರ್ಡ್‌ನಿಂದ ಸುಮಾರು 1,500 ಕಿ.ಮೀ. ದೂರದಲ್ಲಿದೆ. ಆದರೆ ಮೂಲ ಕಾರಣ 1953ರದು. ಆ ವರ್ಷ ಕೆನಡಾ ಸರ್ಕಾರವು ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಇನುಯಿಟ್ ಕುಟುಂಬಗಳನ್ನು ಹಡಗಿನಲ್ಲಿ ಉತ್ತರಕ್ಕೆ ಒಯ್ದು ನೆಲೆಗೊಳಿಸಿತು. ತಮ್ಮನ್ನು ಬೇರೆ ಬೇರೆ ಸ್ಥಳಗಳಲ್ಲಿ ಇಳಿಸಲಾಗುವುದೆಂಬ ಸಂಗತಿ ಅವರಿಗೆ ತಿಳಿದದ್ದು ಹಡಗು ಹೊರಟ ಮೇಲೆ. ಕೆಲವರು ರೆಸಲ್ಯೂಟ್‌ಗೆ ಹೋದರು, ಕೆಲವರು ಗ್ರೀಸ್ ಫಿಯೋರ್ಡ್ ಇರುವ ಎಲ್ಸ್‌ಮಿಯರ್ ದ್ವೀಪಕ್ಕೆ. 2010ರಲ್ಲಿ ಸರ್ಕಾರ ಇದಕ್ಕಾಗಿ ಅಧಿಕೃತವಾಗಿ ಕ್ಷಮೆ ಕೋರಿತು. ಬಂಧುಗಳೇ ಆ 380 ಕಿ.ಮೀ.ಗಳ ಎರಡು ತುದಿಗಳಲ್ಲಿ ನೆಲೆಸಬೇಕಾಗಿ ಬಂದದ್ದು ಹೀಗೆ.